ಅಮೆರಿಕದ ‘ಲೆವೆಲಿಂಗ್ ದ ಪ್ಲೇಯಿಂಗ್ ಫೀಲ್ಡ್ 2.0’ ಮಸೂದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊರದೇಶದ ಅಗ್ಗದ ಮಾಲು ಬಂದು ನಮ್ಮ ಹೊಟ್ಟೆಗೆ ಹೊಡೆಯಿತು ಎನ್ನುವ ಮಾತನ್ನು ಅಮೆರಿಕದ ಓಹಿಯೊದಲ್ಲೂ ಕೇಳಬಹುದು, ನಮ್ಮ ರಾಮನಗರದಲ್ಲೂ ಕೇಳಬಹುದು. ಅಂಥ ಮಾಲನ್ನು ತಡೆಯುವ ಕಾನೂನು ಎರಡೂ ದೇಶಗಳಲ್ಲಿ ಬಹಳ ಹಿಂದಿನಿಂದ ಇದೆ. ಇದ್ದರೂ ಕೆಲಸಗಳು ಹೋಗುತ್ತಲೇ ಇವೆ. ಕಾನೂನನ್ನು ಇನ್ನಷ್ಟು ಬಿಗಿ ಮಾಡಲು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಒಂದು ಮಸೂದೆ ವರ್ಷಗಳಿಂದ ಸುತ್ತುತ್ತಿದೆ. ಅಲ್ಲಿ ಕೆಲಸ ಮಾಡುವ ಕನ್ನಡಿಗರು, ಇಲ್ಲಿಂದ ಅಲ್ಲಿಗೆ ಮಾಲು ಕಳಿಸುವವರು, ಸುಮ್ನೆ ಕುತೂಹಲಕ್ಕೆ ಕೇಳುವವರು, ಎಲ್ಲರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಈ ಮಸೂದೆಯನ್ನು ತಂದವರು ಯಾರು?

ಮೊದಲು ಬಂದದ್ದು 2021ರ ಏಪ್ರಿಲ್‌ನಲ್ಲಿ. ಸೆನೆಟ್‌ನಲ್ಲಿ, ಅಂದರೆ ಮೇಲ್ಮನೆಯಲ್ಲಿ, ಮಂಡಿಸಿದ ಇಬ್ಬರೂ ಓಹಿಯೊ ರಾಜ್ಯದವರೇ. ಡೆಮಾಕ್ರಟಿಕ್ ಪಕ್ಷದ ಶೆರಾಡ್ ಬ್ರೌನ್ ಮತ್ತು ರಿಪಬ್ಲಿಕನ್ ಪಕ್ಷದ ರಾಬ್ ಪೋರ್ಟ್‌ಮನ್. ಬೇರೆ ಯಾವ ವಿಷಯದಲ್ಲೂ ಕೈ ಜೋಡಿಸದ ಎರಡು ಪಕ್ಷಗಳು ಇದರಲ್ಲಿ ಒಟ್ಟಿಗೆ ನಿಂತದ್ದಕ್ಕೆ ಕಾರಣ ಓಹಿಯೊದಲ್ಲೇ ಇದೆ. ಅದು ಉಕ್ಕು, ಟೈರು, ವಾಷಿಂಗ್ ಮಷಿನ್ ತಯಾರಿಸುವ ರಾಜ್ಯ. ಅಲ್ಲಿ ಕಾರ್ಖಾನೆಯ ಗೇಟ್ ಮುಚ್ಚಿದರೆ ಎರಡೂ ಪಕ್ಷದ ಮತದಾರರ ಮನೆಗೆ ಏಟು ಬೀಳುತ್ತದೆ.

2.0 ಅಂದರೆ ಮೊದಲನೆಯದು ಎಲ್ಲಿ ಹೋಯಿತು?

ಅದು 2015ರಲ್ಲೇ ಕಾನೂನಾಗಿದೆ. ಆ ವರ್ಷ ಜೂನ್ 29ರಂದು ಬರಾಕ್ ಒಬಾಮಾ ಸಹಿ ಹಾಕಿದ ದೊಡ್ಡ ವ್ಯಾಪಾರ ಕಾನೂನಿನೊಳಗೆ ಇದೂ ಒಂದು ಭಾಗವಾಗಿತ್ತು. ಅದರಲ್ಲಿ ಒಂದು ಅಂಶ ಬಹಳ ಮುಖ್ಯ. ಅಲ್ಲಿಯ ಕಂಪನಿ ಸ್ವಲ್ಪ ಲಾಭ ಮಾಡುತ್ತಿದೆ ಎಂಬ ಒಂದೇ ಕಾರಣಕ್ಕೆ ‘ನಿಮಗೆ ಏಟು ಬಿದ್ದಿಲ್ಲ’ ಎಂದು ದೂರನ್ನು ತಳ್ಳಿಹಾಕುವಂತಿಲ್ಲ. ಇದು ಸರಿಯಾದ ತಿದ್ದುಪಡಿ ಎಂದು ನನಗೆ ಅನ್ನಿಸುತ್ತದೆ. ಕಂಪನಿ ಪೂರ್ತಿ ನೆಲ ಕಚ್ಚಿದ ಮೇಲೆ ಬರುವ ರಕ್ಷಣೆಯಿಂದ ಕೆಲಸಗಾರನಿಗೆ ಏನು ಪ್ರಯೋಜನ? ಅಷ್ಟೊತ್ತಿಗೆ ಅವನು ಮನೆಯಲ್ಲಿ ಕೂತಿರುತ್ತಾನೆ.

ಡಂಪಿಂಗ್ ಅಂತಾರಲ್ಲ, ಅಗ್ಗವಾಗಿ ಮಾರಿದರೆಲ್ಲ ಡಂಪಿಂಗೇ?

ಇಲ್ಲ. ಒಬ್ಬ ತಯಾರಕ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಮಾಡಿ ಕಡಿಮೆ ಬೆಲೆಗೆ ಮಾರಿದರೆ ಅದು ಅವನ ಜಾಣ್ಮೆ. ತನ್ನ ದೇಶದಲ್ಲಿ ಮಾರುವ ಬೆಲೆಗಿಂತ ಅಥವಾ ತಯಾರಿಕೆಗೆ ತಗಲುವ ಖರ್ಚಿಗಿಂತ ಕಡಿಮೆಗೆ ಬೇರೆ ದೇಶಕ್ಕೆ ಸುರಿದರೆ ಡಂಪಿಂಗ್.

ಲೆಕ್ಕ ಸುಲಭ. ಒಂದು ಯಂತ್ರಕ್ಕೆ ಅವರ ಊರಲ್ಲಿ 500 ಡಾಲರ್, ಅಮೆರಿಕಕ್ಕೆ 400 ಡಾಲರ್ ಎಂದುಕೊಳ್ಳಿ. ವ್ಯತ್ಯಾಸ 100. ಅದನ್ನು 400ರಿಂದ ಭಾಗಿಸಿದರೆ ಶೇ 25. ಇದೇ ಡಂಪಿಂಗ್ ಅಂತರ. ಅಷ್ಟೇ ಸುಂಕವನ್ನು ಬಂದರಿನಲ್ಲಿ ಸೇರಿಸಿದರೆ ಬೆಲೆ ಸಮವಾಗುತ್ತದೆ. ಇದು ಆ್ಯಂಟಿ ಡಂಪಿಂಗ್ ಸುಂಕ. ಸರ್ಕಾರ ಹಣ ಕೊಟ್ಟು ಮಾಲನ್ನು ಅಗ್ಗ ಮಾಡಿದ್ದರೆ ಅದಕ್ಕೆ ಹಾಕುವುದು ಇನ್ನೊಂದು, ಸಬ್ಸಿಡಿ ವಿರುದ್ಧದ ಸುಂಕ. ಎರಡಕ್ಕೂ ಅಮೆರಿಕದಲ್ಲಿ ಬುಡ 1930ರ ಟ್ಯಾರಿಫ್ ಆ್ಯಕ್ಟ್.

ಇದನ್ನು ತೀರ್ಮಾನಿಸುವವರು ಯಾರು?

ಎರಡು ಸಂಸ್ಥೆಗಳು. ಡಂಪಿಂಗ್ ಅಥವಾ ಸಬ್ಸಿಡಿ ಇದೆಯೇ, ಇದ್ದರೆ ಎಷ್ಟು ಎಂದು ನೋಡುವುದು ವಾಣಿಜ್ಯ ಇಲಾಖೆ. ಅದರಿಂದ ದೇಶದ ಉದ್ಯಮಕ್ಕೆ ನಿಜವಾಗಿ ಹಾನಿಯಾಗಿದೆಯೇ ಎಂದು ನೋಡುವುದು ಇಂಟರ್‌ನ್ಯಾಷನಲ್ ಟ್ರೇಡ್ ಕಮಿಷನ್. ಎರಡೂ ಕಡೆ ‘ಹೌದು’ ಬಂದರೆ ಮಾತ್ರ ಸುಂಕ. ಕಮಿಷನ್‌ನಲ್ಲಿ ಮತ ಸಮಸಮ ಬಿದ್ದರೆ ದೂರು ಕೊಟ್ಟವರ ಪರ ಎಂದೇ ಲೆಕ್ಕ. ದೂರು ಕೊಟ್ಟ ದಿನದಿಂದ ಕೊನೆಯ ಆದೇಶದವರೆಗೆ ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ.

ಕಾರ್ಮಿಕರು ನೇರವಾಗಿ ದೂರು ಕೊಡಬಹುದಾ?

ಕೊಡಬಹುದು. ಈ ಕಾನೂನಿನಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಕೊರಿಯಾ, ತೈವಾನ್, ಥಾಯ್ಲೆಂಡ್, ವಿಯೆಟ್ನಾಂನ ಕಾರ್ ಟೈರುಗಳ ಮೇಲೆ 2020ರಲ್ಲಿ ದೂರು ಕೊಟ್ಟದ್ದು ಯಾವ ಟೈರ್ ಕಂಪನಿಯೂ ಅಲ್ಲ, ಯುನೈಟೆಡ್ ಸ್ಟೀಲ್‌ವರ್ಕರ್ಸ್ ಎಂಬ ಕಾರ್ಮಿಕ ಸಂಘ. ದೊಡ್ಡ ಕಂಪನಿಗಳಿಗೆ ನಾಲ್ಕಾರು ದೇಶಗಳಲ್ಲಿ ಕಾರ್ಖಾನೆ ಇರುತ್ತದೆ, ಎಲ್ಲಿಂದ ಬಂದರೂ ಅವರಿಗೆ ನಡೆಯುತ್ತದೆ. ಆದರೆ ಕಾರ್ಮಿಕನಿಗೆ ಇರುವುದು ಒಂದೇ ಊರು. ಹಾಗಾಗಿ ದೂರು ಕೊಡುವ ಹಕ್ಕು ಅವನ ಸಂಘಕ್ಕೂ ಇರಲೇಬೇಕು.

ಕಾನೂನು ಇಷ್ಟೆಲ್ಲ ಇದೆಯಲ್ಲ, ಮತ್ತೆ ಕೊರತೆ ಎಲ್ಲಿ?

ವಾಷಿಂಗ್ ಮಷಿನ್ ಕಥೆ ನೋಡಿದರೆ ಎಲ್ಲ ಅರ್ಥವಾಗುತ್ತದೆ.

ಓಹಿಯೊದ ಕ್ಲೈಡ್ ಎಂಬ ಪುಟ್ಟ ಊರಿನಲ್ಲಿ ವರ್ಲ್‌ಪೂಲ್ ಕಂಪನಿಯ ದೊಡ್ಡ ವಾಷಿಂಗ್ ಮಷಿನ್ ಕಾರ್ಖಾನೆ ಇದೆ. ಕೊರಿಯಾ ಮತ್ತು ಮೆಕ್ಸಿಕೊದಿಂದ ಸ್ಯಾಮ್‌ಸಂಗ್, ಎಲ್‌ಜಿ ಮುಂತಾದವರ ಮಷಿನ್‌ಗಳು ಅನ್ಯಾಯದ ಬೆಲೆಗೆ ಬರುತ್ತಿವೆ ಎಂದು ವರ್ಲ್‌ಪೂಲ್ ದೂರು ಕೊಟ್ಟಿತು. ವಿಚಾರಣೆ ನಡೆಯಿತು. 2013ರ ಫೆಬ್ರವರಿಯಲ್ಲಿ ಸುಂಕದ ಆದೇಶ ಬಂತು. ಕಂಪನಿ ಗೆದ್ದಿತು ಎಂದೇ ಎಲ್ಲರೂ ಅಂದುಕೊಂಡರು.

ಆದರೆ ಆದೇಶ ಇದ್ದದ್ದು ಆ ಎರಡು ದೇಶಗಳಿಂದ ಬರುವ ಮಾಲಿನ ಮೇಲೆ ಮಾತ್ರ. ಅಮೆರಿಕಕ್ಕೆ ಹೋಗುವ ಮಷಿನ್‌ಗಳ ತಯಾರಿಕೆ ಚೀನಾಕ್ಕೆ ಹೋಯಿತು. 2015ರ ಕೊನೆಯಲ್ಲಿ ವರ್ಲ್‌ಪೂಲ್ ಮತ್ತೆ ಮೊದಲಿನಿಂದ ದೂರು ಕೊಡಬೇಕಾಯಿತು. ಮತ್ತೆ ವಕೀಲರು, ಮತ್ತೆ ಲೆಕ್ಕಪತ್ರ, ಮತ್ತೆ ಹಾನಿ ಸಾಬೀತು ಮಾಡುವ ಕೆಲಸ. ಚೀನಾದ ಮೇಲೆ ಆದೇಶ ಬಂದದ್ದು 2017ರ ಫೆಬ್ರವರಿಯಲ್ಲಿ. ಅಷ್ಟು ಹೊತ್ತಿಗೆ ತಯಾರಿಕೆ ವಿಯೆಟ್ನಾಂ ಮತ್ತು ಥಾಯ್ಲೆಂಡ್‌ಗೆ ಹೊರಟಿತ್ತು. ಬೇಲಿ ಹಾಕಿದಷ್ಟೂ ಪಕ್ಕದ ಹೊಲದಿಂದ ದನ ನುಗ್ಗಿದ ಹಾಗೆ.

ಮೊದಲ ಆದೇಶದಿಂದ ಎರಡನೆಯದಕ್ಕೆ ನಾಲ್ಕು ವರ್ಷ. ಕೆಲಸ ಹೋದವನು ಸಾಲದ ಕಂತು ಕಟ್ಟದೆ ನಾಲ್ಕು ತಿಂಗಳು ತಳ್ಳುವುದೇ ಕಷ್ಟ. ನನ್ನ ಪ್ರಕಾರ ಈ ಇಡೀ ಚರ್ಚೆಯಲ್ಲಿ ದೊಡ್ಡ ಪ್ರಶ್ನೆ ಸುಂಕ ಶೇ 20 ಇರಬೇಕೋ 50 ಇರಬೇಕೋ ಎಂಬುದಲ್ಲ. ಅದು ಯಾವಾಗ ಬರುತ್ತದೆ, ಬಂದದ್ದು ನಿಜವಾಗಿ ವಸೂಲಾಗುತ್ತದಾ ಎಂಬುದು.

ಬೇರೆ ಮಾಲಿನಲ್ಲೂ ಹೀಗೇ ಆಗಿದೆಯಾ?

ಸೋಲಾರ್ ಫಲಕಗಳಲ್ಲಿ ಇನ್ನೂ ಉದ್ದದ ಓಟ ನಡೆದಿದೆ. 2012ರಲ್ಲಿ ಚೀನಾದ ಮೇಲೆ ಸುಂಕ. 2015ರಲ್ಲಿ ತೈವಾನ್ ಸೇರಿತು. ಆಮೇಲೆ ಕಾಂಬೋಡಿಯಾ, ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ. ಈ ನಾಲ್ಕರ ಮೇಲೆ 2025ರಲ್ಲಿ ಸುಂಕ ಖಾತ್ರಿಯಾಯಿತು. ಅದೇ ವರ್ಷ ಜುಲೈನಲ್ಲಿ ಹೊಸ ದೂರು ದಾಖಲಾಯಿತು. ಈ ಸಲ ಹೆಸರು ಬಂದ ಮೂರು ದೇಶಗಳು ಇಂಡೊನೇಷ್ಯಾ, ಲಾವೋಸ್ ಮತ್ತು ನಮ್ಮ ಭಾರತ.

ಮಸೂದೆ ಈ ಓಟವನ್ನು ಹೇಗೆ ತಡೆಯುತ್ತದೆ?

ಇದೇ ಮಾಲಿನ ಮೇಲೆ ಇತ್ತೀಚೆಗಷ್ಟೇ ಒಂದು ವಿಚಾರಣೆ ಮುಗಿದಿದ್ದರೆ, ಅಥವಾ ಇನ್ನೂ ನಡೆಯುತ್ತಿದ್ದರೆ, ಬೇರೆ ದೇಶದ ಮೇಲಿನ ಮುಂದಿನ ದೂರನ್ನು ಬೇಗ ಮುಗಿಸುವ ದಾರಿಯನ್ನು ಅದು ಮಾಡಿಕೊಡುತ್ತದೆ. ಹಾನಿಯನ್ನು ಅಳೆಯುವಾಗ ಕಮಿಷನ್ ಹಿಂದಿನ ಪ್ರಕರಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಂದರೆ ದೂರುದಾರ ಪ್ರತಿ ಸಲ ಸೊನ್ನೆಯಿಂದ ಶುರು ಮಾಡಬೇಕಿಲ್ಲ.

ಸುತ್ತುದಾರಿ ತನಿಖೆಗಳಿಗೂ ಕಾಲಮಿತಿಯನ್ನು ಕಾನೂನಿನಲ್ಲೇ ಬರೆಯುತ್ತದೆ. ಸುತ್ತುದಾರಿ ಅಂದರೆ ಚೀನಾದ ಬಿಡಿಭಾಗಗಳನ್ನು ಮೂರನೇ ದೇಶಕ್ಕೆ ಒಯ್ದು, ನಾಲ್ಕು ಸ್ಕ್ರೂ ಬಿಗಿದು, ಆ ದೇಶದ ಮಾಲು ಎಂದು ಕಳಿಸುವುದು. ಇದಕ್ಕೆ ಈಗಲೂ ತನಿಖೆ ಇದೆ. ಆದರೆ ನಿಜವಾಗಿಯೂ ಹೊಸ ದೇಶದಲ್ಲಿ ಪೂರ್ತಿ ಕಾರ್ಖಾನೆ ಕಟ್ಟಿದರೆ ಸುತ್ತುದಾರಿ ನಿಯಮ ತಗಲುವುದಿಲ್ಲ, ಹೊಸ ದೂರೇ ಬೇಕು. ವಾಷಿಂಗ್ ಮಷಿನ್‌ನಲ್ಲಿ ಆದದ್ದು ಈ ಎರಡನೇ ಬಗೆ. ಮಸೂದೆಯ ಮುಖ್ಯ ಗುರಿ ಅದೇ.

‘ಗಡಿ ದಾಟಿದ ಸಬ್ಸಿಡಿ’ ಅಂದರೇನು?

ಒಂದು ಸರ್ಕಾರ ಇನ್ನೊಂದು ದೇಶದಲ್ಲಿರುವ ಕಾರ್ಖಾನೆಗೆ ಹಣ ಕೊಡುವುದು. ಹಳೆಯ ನಿಯಮದಲ್ಲಿ ಅಮೆರಿಕದ ವಾಣಿಜ್ಯ ಇಲಾಖೆ ಆಯಾ ದೇಶದ ಸರ್ಕಾರ ತನ್ನ ನೆಲದಲ್ಲಿ ಕೊಟ್ಟ ಸಬ್ಸಿಡಿಯನ್ನು ಮಾತ್ರ ನೋಡುತ್ತಿತ್ತು. ಚೀನಾ ಸರ್ಕಾರ ಹೊರದೇಶದಲ್ಲಿರುವ ಚೀನೀ ಕಂಪನಿಗೆ ನೆರವು ಕೊಟ್ಟರೆ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಯುರೋಪ್ ಇದನ್ನು ಮೊದಲೇ ಹಿಡಿಯಿತು. ಈಜಿಪ್ಟ್‌ನಲ್ಲಿ ಸೂಯೆಜ್ ಹತ್ತಿರದ ಕೈಗಾರಿಕಾ ವಲಯದಿಂದ ಬರುತ್ತಿದ್ದ ಗಾಜಿನ ನಾರಿನ ಬಟ್ಟೆಯ ಮೇಲೆ, ಅದರ ಹಿಂದೆ ಚೀನಾದ ಹಣ ಇದೆ ಎಂದು 2020ರಲ್ಲಿ ಸುಂಕ ಹಾಕಿತು. ಅಮೆರಿಕದ ಇಲಾಖೆ ತನ್ನ ಹಳೆಯ ನಿಯಮವನ್ನು 2024ರಲ್ಲಿ ತೆಗೆದುಹಾಕಿತು. ಆದರೆ ಇಲಾಖೆ ಮಾಡಿದ ನಿಯಮವನ್ನು ಮುಂದಿನ ಇಲಾಖೆ ಬದಲಿಸಬಹುದು. ಹಾಗಾಗಿ ಅದನ್ನು ಕಾನೂನಿನಲ್ಲೇ ಬರೆಯಿರಿ ಎನ್ನುತ್ತದೆ ಮಸೂದೆ.

ಕರೆನ್ಸಿ ವಿಷಯ ಏನು?

ಒಂದು ದೇಶ ತನ್ನ ಹಣದ ಬೆಲೆಯನ್ನು ಬೇಕೆಂದೇ ತಗ್ಗಿಸಿಟ್ಟರೆ ಅದರ ರಫ್ತು ಅಗ್ಗವಾಗುತ್ತದೆ. ಅದನ್ನೂ ಸಬ್ಸಿಡಿ ಎಂದು ಎಣಿಸಬಹುದು ಎಂಬ ನಿಯಮ 2020ರಲ್ಲಿ ಬಂತು. ವಿಯೆಟ್ನಾಂನ ಟೈರುಗಳ ಪ್ರಕರಣದಲ್ಲಿ ಬಳಕೆಯೂ ಆಯಿತು. ಇದೂ ಕಾನೂನಿಗೆ ಸೇರಬೇಕು ಎಂಬುದು ಬೇಡಿಕೆ.

ಸುಂಕ ಹಾಕಿದ ಮೇಲೆ ಹಣ ಬರುತ್ತದಾ?

ಪೂರ್ತಿ ಬರುವುದಿಲ್ಲ. ಅಮೆರಿಕದ ಪದ್ಧತಿಯೇ ಬೇರೆ. ಮಾಲು ಬಂದಾಗ ಆಮದುದಾರ ಅಂದಾಜು ಸುಂಕವನ್ನು ಠೇವಣಿ ಇಡುತ್ತಾನೆ. ನಿಜವಾದ ದರ ಎಷ್ಟು ಎಂದು ಇಲಾಖೆ ಲೆಕ್ಕ ಹಾಕುವುದು ಆಮೇಲೆ, ಒಮ್ಮೊಮ್ಮೆ ವರ್ಷಗಳೇ ಕಳೆದ ಮೇಲೆ. ದರ ಏರಿದರೆ ಉಳಿದ ಬಾಕಿಗೆ ಬಿಲ್ ಹೋಗುತ್ತದೆ. ಅಷ್ಟೊತ್ತಿಗೆ ಆ ಆಮದು ಕಂಪನಿಯೇ ಇರುವುದಿಲ್ಲ. ಒಂದು ಅಂಚೆ ವಿಳಾಸ, ಒಂದು ಬ್ಯಾಂಕ್ ಖಾತೆ ಇಟ್ಟುಕೊಂಡು ಮಾಲು ತಂದು ಮಾರಿ ಬಾಗಿಲು ಹಾಕಿಕೊಂಡು ಹೋದವರು ಎಷ್ಟೋ ಜನ.

2001ರಿಂದ 2014ರವರೆಗಿನ ಆರ್ಥಿಕ ವರ್ಷಗಳಲ್ಲಿ ಹೀಗೆ ವಸೂಲಾಗದೆ ಉಳಿದದ್ದು ಸುಮಾರು 230 ಕೋಟಿ ಡಾಲರ್ ಎಂದು ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2016ರ ವರದಿಯಲ್ಲಿ ಹೇಳಿತು. ಬಾಕಿಯಲ್ಲಿ ದೊಡ್ಡ ಪಾಲು ಚೀನಾದ ಬೆಳ್ಳುಳ್ಳಿ, ಜೇನುತುಪ್ಪ, ಅಣಬೆ, ಸಿಗಡಿ ಜಾತಿಯ ಕ್ರಾಫಿಶ್, ಮಲಗುವ ಕೋಣೆಯ ಮರದ ಪೀಠೋಪಕರಣ ಇಂಥವುಗಳದ್ದು. ಜೇನು ಸಾಕುವವನೂ ಬೆಳ್ಳುಳ್ಳಿ ಬೆಳೆಯುವವನೂ ಕೇಸು ಗೆದ್ದು ಕೂತಿದ್ದಾನೆ, ಮಾರುಕಟ್ಟೆಯಲ್ಲಿ ಮಾತ್ರ ಸುಂಕ ಕಟ್ಟದ ಮಾಲು ಅವನ ಮಾಲಿನ ಪಕ್ಕದಲ್ಲೇ ಮಾರಾಟವಾಗುತ್ತಿದೆ. ಹೊಟ್ಟೆ ಉರಿಯುವುದಿಲ್ವಾ?

ಭಾರತದಲ್ಲಿ ಪದ್ಧತಿ ಬೇರೆ. ಆದೇಶದಲ್ಲಿರುವ ದರವನ್ನು ಮಾಲು ಬಂದಾಗಲೇ ಕಟ್ಟಬೇಕು. ಈ ಒಂದು ವಿಷಯದಲ್ಲಿ ನಮ್ಮದೇ ಚೆನ್ನಾಗಿದೆ.

ಲೇಬಲ್ ಬದಲಿಸಿ ತಂದರೆ ಹಿಡಿಯುವುದು ಹೇಗೆ?

ಅದಕ್ಕೆ 2016ರ ಫೆಬ್ರವರಿಯಿಂದ ಒಂದು ಕಾನೂನು ಇದೆ, ಎನ್‌ಫೋರ್ಸ್ ಆ್ಯಂಡ್ ಪ್ರೊಟೆಕ್ಟ್ ಆ್ಯಕ್ಟ್. ಆ ಉದ್ಯಮಕ್ಕೆ ಸಂಬಂಧಪಟ್ಟವರು ಸರಿಯಾದ ದೂರು ಕೊಟ್ಟರೆ ಕಸ್ಟಮ್ಸ್ 15 ಕೆಲಸದ ದಿನಗಳಲ್ಲಿ ತನಿಖೆ ಶುರು ಮಾಡಬೇಕು. 90 ದಿನಗಳೊಳಗೆ ಅನುಮಾನ ಗಟ್ಟಿಯಾದರೆ ತಾತ್ಕಾಲಿಕ ಕ್ರಮ. ಸುಮಾರು 300 ದಿನಗಳಲ್ಲಿ ತೀರ್ಮಾನ, ಕಷ್ಟದ ಪ್ರಕರಣವಾದರೆ ಇನ್ನೂ 60 ದಿನ.

ಪೆನ್ಸಿಲ್ ಪ್ರಕರಣ ಗೊತ್ತಿರಬೇಕಾದದ್ದು. ಚೀನಾದ ಪೆನ್ಸಿಲ್ ಮೇಲೆ 1994ರಿಂದ ಭಾರಿ ಸುಂಕ ಇದೆ. ರಾಯಲ್ ಬ್ರಷ್ ಎಂಬ ಆಮದು ಕಂಪನಿ ಫಿಲಿಪೀನ್ಸ್‌ನಿಂದ ಪೆನ್ಸಿಲ್ ತರುತ್ತಿತ್ತು. ಅವು ಚೀನಾದವೇ ಎಂದು ಅಮೆರಿಕದ ಪೆನ್ಸಿಲ್ ತಯಾರಕರಿಂದ ದೂರು ಹೋಯಿತು. ಕಸ್ಟಮ್ಸ್‌ನವರು ಫಿಲಿಪೀನ್ಸ್‌ನ ಕಾರ್ಖಾನೆಯನ್ನು ಹೋಗಿ ನೋಡಿದರು, ಸುಂಕ ತಪ್ಪಿಸಲಾಗಿದೆ ಎಂದು ತೀರ್ಮಾನಿಸಿದರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ತೀರ್ಮಾನಕ್ಕೆ ಆಧಾರವಾದ ಮಾಹಿತಿಯಲ್ಲಿ ಒಂದಷ್ಟನ್ನು ಗೋಪ್ಯ ಎಂದು ಮಸಿ ಬಳಿದು, ಆರೋಪ ಹೊತ್ತ ಕಂಪನಿಗೇ ತೋರಿಸಿರಲಿಲ್ಲ. ತನ್ನ ವಿರುದ್ಧದ ಸಾಕ್ಷ್ಯವನ್ನು ನೋಡದೆ ಉತ್ತರ ಕೊಡುವುದು ಹೇಗೆ? 2023ರ ಜುಲೈನಲ್ಲಿ ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಇದು ಸರಿಯಲ್ಲ ಎಂದಿತು. ಜಾರಿ ಬಿಗಿಯಾಗಬೇಕು ಎಂದು ವಾದಿಸುವ ನಾನು ಈ ತೀರ್ಪಿನ ಪರವಾಗಿಯೂ ಇದ್ದೇನೆ. ಅವಸರದಲ್ಲಿ ಅಮಾಯಕನ ಮೇಲೆ ಸುಂಕ ಬಿದ್ದರೆ ಅಲ್ಲೂ ಕೆಲಸಗಾರರಿದ್ದಾರೆ, ಗೋದಾಮಿನಲ್ಲಿ, ಲಾರಿಯಲ್ಲಿ, ಅಂಗಡಿಯಲ್ಲಿ.

ಇಷ್ಟೆಲ್ಲ ಮಾಡಿದರೆ ಕೆಲಸ ಉಳಿಯುತ್ತದಾ? ನೇರವಾಗಿ ಹೇಳಿ.

ಕೆಲವು ಉಳಿಯುತ್ತವೆ. ಬೆಲೆ ತೆರಬೇಕಾಗುತ್ತದೆ. ಎಷ್ಟು ಎಂದು ಲೆಕ್ಕ ಹಾಕಿ ಹೇಳದವರನ್ನು ನಂಬಬೇಡಿ.

ಮತ್ತೆ ವಾಷಿಂಗ್ ಮಷಿನ್‌ಗೇ ಬರೋಣ. ದೇಶದಿಂದ ದೇಶಕ್ಕೆ ಓಡುವುದನ್ನು ತಡೆಯಲಾಗದೆ ವರ್ಲ್‌ಪೂಲ್ ಕೊನೆಗೆ ಹೆಚ್ಚುಕಡಿಮೆ ಎಲ್ಲ ದೇಶಗಳಿಗೂ ಅನ್ವಯಿಸುವ ಸೇಫ್‌ಗಾರ್ಡ್ ಸುಂಕ ಕೇಳಿತು. 2018ರ ಫೆಬ್ರವರಿಯಲ್ಲಿ ಅದು ಜಾರಿಯಾಯಿತು. ಮೊದಲ ವರ್ಷ 12 ಲಕ್ಷ ಮಷಿನ್‌ಗಳವರೆಗೆ ಶೇ 20, ಅದರಾಚೆಗೆ ಶೇ 50. ಪರಿಣಾಮ ಏನಾಯಿತು ಎಂದು ಫ್ಲಾಯೆನ್, ಹೊರ್ಟಾಚ್ಸು, ಟಿಂಟಲ್‌ನಾಟ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ಮಷಿನ್ ಬೆಲೆ ಶೇ 12ರಷ್ಟು ಏರಿತು. ಸುಂಕವೇ ಇಲ್ಲದ ಡ್ರೈಯರ್ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಏರಿತು, ಯಾಕೆಂದರೆ ಜನ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ. ಸ್ಯಾಮ್‌ಸಂಗ್ ದಕ್ಷಿಣ ಕ್ಯಾರೊಲಿನಾದ ನ್ಯೂಬೆರಿಯಲ್ಲಿ, ಎಲ್‌ಜಿ ಟೆನೆಸ್ಸಿಯ ಕ್ಲಾರ್ಕ್ಸ್‌ವಿಲ್‌ನಲ್ಲಿ ಕಾರ್ಖಾನೆ ತೆರೆದವು. ಕ್ಲೈಡ್‌ನಲ್ಲೂ ಜನ ಸೇರಿಸಿಕೊಂಡರು. ಒಟ್ಟು ಸುಮಾರು 1,800 ಹೊಸ ಕೆಲಸ. ಗ್ರಾಹಕರು ಜಾಸ್ತಿ ತೆತ್ತದ್ದು ವರ್ಷಕ್ಕೆ ಸುಮಾರು 150 ಕೋಟಿ ಡಾಲರ್. ಸರ್ಕಾರಕ್ಕೆ ಬಂದ ಸುಂಕವನ್ನು ಕಳೆದು ಭಾಗಿಸಿದರೆ ಒಂದು ಕೆಲಸಕ್ಕೆ ಎಂಟು ಲಕ್ಷ ಡಾಲರ್‌ಗಿಂತ ಜಾಸ್ತಿ ಬಿತ್ತು.

ಈ ಅಂಕಿಯನ್ನು ಹಿಡಿದುಕೊಂಡು ‘ಸುಂಕವೇ ದಂಡ’ ಎನ್ನುವವರಿದ್ದಾರೆ. ನಾನು ಬೇರೆ ರೀತಿ ಓದುತ್ತೇನೆ. 2013ರ ಆದೇಶ ಬಂದಾಗಲೇ ದಾರಿ ಬದಲಿಸುವುದನ್ನು ಬೇಗ ತಡೆಯಲು ಆಗಿದ್ದರೆ, 2018ರಲ್ಲಿ ಇಷ್ಟು ಅಗಲವಾದ, ಇಷ್ಟು ದುಬಾರಿಯಾದ ಸುಂಕವನ್ನು ಕೇಳುವ ಪ್ರಸಂಗ ಬರುತ್ತಿರಲಿಲ್ಲವೇನೋ. ತಪ್ಪು ಮಾಡಿದವನಿಗೆ ಮಾತ್ರ ತಗಲುವ ಸುಂಕ ತಡವಾದಷ್ಟೂ ಎಲ್ಲರಿಗೂ ತಗಲುವ ಸುಂಕಕ್ಕೆ ಕೂಗು ಜೋರಾಗುತ್ತದೆ.

ಉಕ್ಕಿನದು ಬೇರೆ ಪಾಠ. ಉಕ್ಕಿಗೆ ಸುಂಕ ಹಾಕಿದರೆ ಉಕ್ಕು ಮಾಡುವವನಿಗೆ ಅನುಕೂಲ, ಉಕ್ಕು ಕೊಂಡು ಬೋಲ್ಟು, ಟ್ರ್ಯಾಕ್ಟರ್ ಮಾಡುವವನಿಗೆ ಹೊರೆ. ಎರಡನೆಯವರ ಸಂಖ್ಯೆಯೇ ಬಹಳ ಜಾಸ್ತಿ. 2018ರ ಸುಂಕಗಳಿಂದ ಕಾರ್ಖಾನೆ ಕೆಲಸಗಳು ಒಟ್ಟಾರೆ ಹೆಚ್ಚಲಿಲ್ಲ, ಕಚ್ಚಾ ಮಾಲಿನ ಬೆಲೆ ಏರಿದ್ದರಿಂದ ಸ್ವಲ್ಪ ತಗ್ಗಿದವು ಎಂದು ಅಮೆರಿಕದ ಕೇಂದ್ರ ಬ್ಯಾಂಕಿನ ಅರ್ಥಶಾಸ್ತ್ರಜ್ಞರೇ ಬರೆದಿದ್ದಾರೆ.

ಹಾಗಾದರೆ ಟ್ರಂಪ್ ಸುಂಕವೂ ಇದೂ ಒಂದೇ ಅಲ್ವಾ?

ಅಲ್ಲ. 2025ರ ಆಗಸ್ಟ್‌ನಲ್ಲಿ ಭಾರತದ ಮಾಲಿನ ಮೇಲೆ ಶೇ 50ಕ್ಕೆ ಏರಿದ ಸುಂಕ ಅಧ್ಯಕ್ಷರ ಆದೇಶದಿಂದ ಬಂದದ್ದು. ಅದರಲ್ಲಿ ಅರ್ಧಕ್ಕೆ ಕೊಟ್ಟ ಕಾರಣ ರಷ್ಯಾದ ಎಣ್ಣೆ. ಸೀರೆ ಮಾಡುವವನಿಗೂ ಎಣ್ಣೆಗೂ ಏನು ಸಂಬಂಧ? ಈ ಮಸೂದೆ ಮುಟ್ಟುವ ಸುಂಕದಲ್ಲಿ ದೂರು ಬೇಕು, ಲೆಕ್ಕ ಬೇಕು, ಹಾನಿಗೆ ಸಾಕ್ಷಿ ಬೇಕು, ಕಂಪನಿಗೊಂದು ದರ ಇರುತ್ತದೆ, ಕೋರ್ಟಿಗೆ ಹೋಗಬಹುದು. ನಾನು ಇದರ ಪರ ಮಾತಾಡಲು ಮುಖ್ಯ ಕಾರಣವೇ ಅದು.

ಕೆಲಸ ಹೋದವರಿಗೆ ಈ ಮಸೂದೆಯಲ್ಲಿ ಏನಿದೆ?

ನೇರವಾಗಿ ಏನೂ ಇಲ್ಲ. ಇದು ನನಗೆ ಬೇಸರ ತರಿಸುವ ಸಂಗತಿ. ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ತರಬೇತಿ, ಭತ್ಯೆ ಕೊಡುವ ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್ ಎಂಬ ಯೋಜನೆ 1962ರಿಂದ ಇತ್ತು. 2022ರ ಜುಲೈ 1ರಿಂದ ಅದಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದೇ ನಿಂತಿದೆ, ಕಾಂಗ್ರೆಸ್ ಅವಧಿ ವಿಸ್ತರಿಸಲಿಲ್ಲ. ಕಾರ್ಮಿಕರ ಹೆಸರು ಹೇಳಿ ಭಾಷಣ ಮಾಡುವ ಎರಡೂ ಪಕ್ಷಗಳು ಇದನ್ನು ಮೊದಲು ಸರಿಪಡಿಸಬೇಕಿತ್ತು.

ವಸೂಲಾದ ಸುಂಕವನ್ನು ಏಟು ತಿಂದ ಕಂಪನಿಗೇ ಕೊಡಬಾರದೇಕೆ?

ಒಮ್ಮೆ ಕೊಟ್ಟು ನೋಡಿದ್ದಾರೆ. ಸೆನೆಟರ್ ರಾಬರ್ಟ್ ಬರ್ಡ್ 2000ರಲ್ಲಿ ತಂದ ತಿದ್ದುಪಡಿ ಇದನ್ನೇ ಮಾಡಿತು. ಭಾರತವೂ ಸೇರಿ 11 ಸದಸ್ಯರು ವಿಶ್ವ ವ್ಯಾಪಾರ ಸಂಸ್ಥೆಗೆ ಹೋದರು. 2003ರಲ್ಲಿ ಅಮೆರಿಕ ಸೋತಿತು, ಆಮೇಲೆ ಕಾನೂನು ರದ್ದಾಯಿತು. ದೂರು ಕೊಟ್ಟರೆ ದುಡ್ಡು ಸಿಗುತ್ತದೆ ಎಂದಾದರೆ ದೂರುಗಳೇ ವ್ಯಾಪಾರವಾಗಿಬಿಡುತ್ತವೆ. ರದ್ದಾದದ್ದೇ ಒಳ್ಳೆಯದಾಯಿತು.

ಮಸೂದೆಗೆ ವಿರೋಧ ಯಾರದ್ದು?

ಆಮದು ಮಾಡುವವರು, ದೊಡ್ಡ ಅಂಗಡಿ ಸರಣಿಗಳು, ಹೊರಗಿನ ಬಿಡಿಭಾಗ ನಂಬಿದ ತಯಾರಕರು. ಕಾಲಮಿತಿ ಬಿಗಿಯಾದರೆ ಉತ್ತರ ಕೊಡಲು ಸಮಯ ಸಿಗುವುದಿಲ್ಲ, ಮಾಲು ಹಡಗಿನಲ್ಲಿರುವಾಗಲೇ ದರ ಬದಲಾದರೆ ಲೆಕ್ಕವೇ ತಪ್ಪುತ್ತದೆ ಎಂಬುದು ಅವರ ಮಾತು. ಅದರಲ್ಲಿ ಹುರುಳಿದೆ.

ಭಾರತದ ರಫ್ತುದಾರರಿಗೆ ಇದರಿಂದ ಏನು?

ಬಹಳ ಇದೆ. ಭಾರತದ ಸಿಗಡಿ ಮೇಲೆ 2005ರಿಂದ ಆ್ಯಂಟಿ ಡಂಪಿಂಗ್ ಸುಂಕ ಇದೆ. 2024ರ ಕೊನೆಗೆ ಸಬ್ಸಿಡಿ ವಿರುದ್ಧದ ಸುಂಕವೂ ಸೇರಿತು. ಅಡುಗೆ ಕಟ್ಟೆಗೆ ಹಾಸುವ ಕ್ವಾರ್ಟ್ಜ್ ಚಪ್ಪಡಿಯ ಉದಾಹರಣೆ ಇನ್ನೂ ಸ್ಪಷ್ಟ. 2019ರಲ್ಲಿ ಚೀನಾದ ಚಪ್ಪಡಿಗೆ ಸುಂಕ ಬಿತ್ತು. ಆ ಜಾಗ ಭಾರತಕ್ಕೆ ಸಿಕ್ಕಿತು. ಮರುವರ್ಷವೇ ಭಾರತ ಮತ್ತು ಟರ್ಕಿಯ ಮೇಲೆ ಆದೇಶ ಬಂತು. ಮಸೂದೆ ಕಾನೂನಾದರೆ ಈ ಎರಡನೇ ಸುತ್ತು ಇನ್ನೂ ಬೇಗ ಬರುತ್ತದೆ. ಚೀನಾದ ಮೇಲೆ ಸುಂಕ ಬಿದ್ದ ಮಾಲನ್ನು ನಾವು ದಿಢೀರನೆ ಜಾಸ್ತಿ ಕಳಿಸತೊಡಗಿದರೆ ಮುಂದಿನ ನೋಟಿಸ್ ನಮಗೇ ಬರಬಹುದು ಎಂದು ತಿಳಿದೇ ಹೊಸ ಯಂತ್ರಕ್ಕೆ ಸಾಲ ಮಾಡಬೇಕು.

ನಮ್ಮ ಸಣ್ಣ ಕಾರ್ಖಾನೆಗೆ ನೋಟಿಸ್ ಬಂದರೆ ಏನು ಮಾಡಬೇಕು?

ಸುಮ್ಮನೆ ಕೂರಬೇಡಿ. ವಾಣಿಜ್ಯ ಇಲಾಖೆ ಉದ್ದನೆಯ ಪ್ರಶ್ನಾವಳಿ ಕಳಿಸುತ್ತದೆ. ಯಾವ ಗ್ರಾಹಕನಿಗೆ ಎಷ್ಟಕ್ಕೆ ಮಾರಿದಿರಿ, ಸಾಗಣೆ ಎಷ್ಟು, ಕಚ್ಚಾ ಮಾಲು ಎಲ್ಲಿಯದು, ಬಿಲ್‌ಬಿಲ್ಲಿಗೂ ಲೆಕ್ಕ ಕೇಳುತ್ತದೆ. ಆಯ್ಕೆಯಾದ ಕಂಪನಿ ಉತ್ತರ ಕೊಡದಿದ್ದರೆ ದೂರುದಾರರು ಕೊಟ್ಟ ಅಂಕಿಯನ್ನೇ ಹಿಡಿದು ಅತಿ ಹೆಚ್ಚಿನ ದರ ಹಾಕಬಹುದು. ವಿಚಾರಣೆಗೆ ಆಯ್ಕೆಯಾಗದ ಕಂಪನಿಗಳಿಗೆ ‘ಉಳಿದವರೆಲ್ಲರ ದರ’ ಎಂದು ಒಂದು ಇರುತ್ತದೆ, ಅದು ಸಾಮಾನ್ಯವಾಗಿ ಆಯ್ಕೆಯಾದವರ ಸರಾಸರಿಯಿಂದ ಬರುತ್ತದೆ.

ಕಚ್ಚಾ ಮಾಲಿನ ಬಿಲ್‌ಗಳನ್ನು ಇಟ್ಟುಕೊಳ್ಳಿ. ತಯಾರಿಕೆ ಇಲ್ಲೇ ಆಗಿದೆ ಎಂದು ತೋರಿಸಲು ವಿದ್ಯುತ್ ಬಿಲ್, ಹಾಜರಿ ಪುಸ್ತಕ, ಉತ್ಪಾದನೆಯ ದಿನವಹಿ ಕೂಡ ಬೇಕಾಗುತ್ತದೆ. ಪರಿಶೀಲನೆಗೆ ಅಧಿಕಾರಿಗಳು ಕಾರ್ಖಾನೆಗೇ ಬರುವುದುಂಟು.

ಭಾರತದಲ್ಲಿ ಇಂಥ ಕಾನೂನು ಇದೆಯಾ?

ಇದೆ. ಬುಡ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆ. ದೆಹಲಿಯ ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯ ತನಿಖೆ ಮಾಡಿ ಶಿಫಾರಸು ಮಾಡುತ್ತದೆ. ಸುಂಕ ಹಾಕುವುದೋ ಬಿಡುವುದೋ ಹಣಕಾಸು ಸಚಿವಾಲಯದ ಕೈಲಿದೆ.

ನಮಗೆ ಹತ್ತಿರದ ಉದಾಹರಣೆ ಕೊಡಗು, ಚಿಕ್ಕಮಗಳೂರಿನ ಕರಿಮೆಣಸು. ವಿಯೆಟ್ನಾಂ ಮೆಣಸು ಶ್ರೀಲಂಕಾಕ್ಕೆ ಬಂದು, ಅಲ್ಲಿಯದೇ ಮಾಲು ಎನ್ನುವ ಮೂಲಪತ್ರ ಹಿಡಿದು, ಮುಕ್ತ ವ್ಯಾಪಾರ ಒಪ್ಪಂದದ ರಿಯಾಯಿತಿಯಲ್ಲಿ ಇಲ್ಲಿಗೆ ಇಳಿಯುತ್ತದೆ ಎಂದು ಬೆಳೆಗಾರರು ವರ್ಷಗಟ್ಟಲೆ ದೂರಿದರು. ಬೆಲೆ ಕುಸಿಯಿತು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಅದರಲ್ಲೂ ಸಂದಿ ಇತ್ತು. ನಿಜ ಬೆಲೆ ಕಡಿಮೆಯಿದ್ದರೂ ಬಿಲ್‌ನಲ್ಲಿ 500 ಎಂದು ಬರೆಸಿದರೆ ಮಾಲು ಒಳಗೆ! ಅಡಿಕೆಗೂ ಇದೇ ಗತಿ. 2023ರಲ್ಲಿ ಕನಿಷ್ಠ ಬೆಲೆಯನ್ನು 251ರಿಂದ 351 ರೂಪಾಯಿಗೆ ಏರಿಸಿದರು.

ಮೂಲಪತ್ರದ ಮೋಸಕ್ಕೆ ಉತ್ತರವಾಗಿ 2020ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂತು. ಈಗ ಬರೀ ಪ್ರಮಾಣಪತ್ರ ಸಾಲದು. ಮಾಲು ನಿಜವಾಗಿ ಆ ದೇಶದಲ್ಲೇ ಬೆಳೆದಿದೆ ಅಥವಾ ತಯಾರಾಗಿದೆ ಎಂಬ ಮಾಹಿತಿ ಆಮದುದಾರನ ಕೈಲೇ ಇರಬೇಕು, ಕೇಳಿದರೆ ಕೊಡಬೇಕು. ಇದನ್ನು ಬಂದರಿನಲ್ಲಿ ಎಷ್ಟು ಗಟ್ಟಿಯಾಗಿ ಕೇಳುತ್ತಾರೆ ಎಂಬುದರ ಮೇಲೆ ಮಡಿಕೇರಿಯ ಮೆಣಸಿನ ಬೆಲೆ ನಿಂತಿದೆ.

ಇನ್ನು ರೇಷ್ಮೆ. ಕಚ್ಚಾ ರೇಷ್ಮೆಯ ಆಮದು ಸುಂಕವನ್ನು 2011ರ ಬಜೆಟ್‌ನಲ್ಲಿ ಶೇ 30ರಿಂದ 5ಕ್ಕೆ ಇಳಿಸಿದಾಗ ನಮ್ಮ ಗೂಡು ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಅದನ್ನು ಶೇ 15 ಮಾಡಿದರು. ನೇಕಾರನಿಗೆ ಅಗ್ಗದ ನೂಲು ಬೇಕು, ಬೆಳೆಗಾರನಿಗೆ ಗೂಡಿಗೆ ಬೆಲೆ ಬೇಕು. ಇಬ್ಬರೂ ನಮ್ಮವರೇ. ಓಹಿಯೊದ ಉಕ್ಕಿನವನೂ ಬೋಲ್ಟಿನವನೂ ಎದುರಾಬದುರು ನಿಂತ ಹಾಗೆಯೇ ಇಲ್ಲೂ.

ಮಸೂದೆ ಈಗ ಯಾವ ಹಂತದಲ್ಲಿದೆ?

2022ರ ಫೆಬ್ರವರಿಯಲ್ಲಿ ಕೆಳಮನೆ ಅಂಗೀಕರಿಸಿದ ಅಮೆರಿಕ ಕಾಂಪೀಟ್ಸ್ ಮಸೂದೆಯೊಳಗೆ ಇದೂ ಸೇರಿತ್ತು. ಅದೇ ವರ್ಷ ಕಂಪ್ಯೂಟರ್ ಚಿಪ್ ತಯಾರಿಕೆಗೆ ಸಂಬಂಧಿಸಿದ ಚಿಪ್ಸ್ ಕಾನೂನು ಅಂತಿಮವಾಗುವಾಗ ವ್ಯಾಪಾರದ ಭಾಗ ಕೈಬಿಟ್ಟುಹೋಯಿತು. 2023ರಲ್ಲಿ ಮತ್ತೆ ಮಂಡಿಸಿದರು. 2025ರಲ್ಲೂ ಎರಡೂ ಮನೆಗಳಲ್ಲಿ, ಎರಡೂ ಪಕ್ಷಗಳ ಸಹಿಯೊಂದಿಗೆ ಮಂಡನೆಯಾಯಿತು. ಅಲ್ಲಿಯ ನಿಯಮದಂತೆ ಒಂದು ಕಾಂಗ್ರೆಸ್‌ನ ಎರಡು ವರ್ಷದ ಅವಧಿ ಮುಗಿದರೆ ಬಾಕಿ ಮಸೂದೆಗಳೆಲ್ಲ ಬಿದ್ದುಹೋಗುತ್ತವೆ, ಮತ್ತೆ ಹೊಸದಾಗಿ ತರಬೇಕು.

ನಮ್ಮ ಮಾಲಿಗೆ ಸುಂಕ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಮೊದಲು ನಿಮ್ಮ ಮಾಲಿನ ಎಚ್‌ಎಸ್ ಸಂಖ್ಯೆ, ಅಂದರೆ ಕಸ್ಟಮ್ಸ್‌ನವರು ಮಾಲನ್ನು ಗುರುತಿಸುವ ಸಂಖ್ಯೆ, ನೋಡಿಕೊಳ್ಳಿ. ಆದರೆ ಅದೊಂದನ್ನೇ ನಂಬಬೇಡಿ. ಆದೇಶದಲ್ಲಿ ಮಾಲಿನ ವಿವರಣೆಯನ್ನು ಮಾತಿನಲ್ಲಿ ಬರೆದಿರುತ್ತಾರೆ, ಕಾನೂನಿನಲ್ಲಿ ನಿಲ್ಲುವುದು ಆ ಮಾತು. ಟ್ರೇಡ್ ಕಮಿಷನ್ ಜಾರಿಯಲ್ಲಿರುವ ಎಲ್ಲ ಆದೇಶಗಳ ಪಟ್ಟಿಯನ್ನು ದೇಶವಾರು ತನ್ನ ಜಾಲತಾಣದಲ್ಲಿ ಇಟ್ಟಿದೆ, ನೋಡಲು ದುಡ್ಡು ಕೊಡಬೇಕಿಲ್ಲ. ಅಲ್ಲಿ ಭಾರತದ ಸಾಲುಗಳನ್ನು ಓದಿ, ಆಮೇಲೆ ನಿಮ್ಮ ಮಾಲಿನ ಮೇಲೆ ಚೀನಾ, ವಿಯೆಟ್ನಾಂ ವಿರುದ್ಧ ಆದೇಶ ಇದೆಯೇ ಎಂದೂ ನೋಡಿ. ಇದ್ದರೆ ಮುಂದಿನ ಆರ್ಡರ್‌ಗೆ ಒಪ್ಪುವ ಮೊದಲು ಸುಂಕ ಬಂದರೆ ಯಾರು ಕಟ್ಟಬೇಕು ಎಂಬುದನ್ನು ಕೊಳ್ಳುವವರ ಜೊತೆ ಕರಾರಿನಲ್ಲೇ ಬರೆಸಿಕೊಳ್ಳಿ.